ಆ ಚರ್ಚನ್ನು ಕಟ್ಟುತ್ತಿರುವುದು 3ಡಿ ಪ್ರಿಂಟರಾ? ಆಂಟನಿ ಗೌಡಿ ಮತ್ತು ಒಡೆದ ಮಾದರಿಗಳ ಕಥೆ

ವಾಟ್ಸಾಪ್‌ನಲ್ಲಿ ಆಗಾಗ ಒಂದು ಫೋಟೊ ಬರುತ್ತಿರುತ್ತದೆ. ಜೋಳದ ತೆನೆಗಳನ್ನು ನೆಟ್ಟ ಹಾಗೆ ಕಾಣುವ ಎತ್ತರದ ಗೋಪುರಗಳು, ಸುತ್ತ ಕ್ರೇನುಗಳು. ಕೆಳಗಿನ ಬರಹ ಮಾತ್ರ ಒಂದೊಂದು ಸಲ ಒಂದೊಂದು ಥರ. ಇದನ್ನು ರೂಪಿಸಿದವರು ಒಂದೇ ಒಂದು ನಕ್ಷೆಯನ್ನೂ ಬರೆಯಲಿಲ್ಲ, ಎಲ್ಲವೂ ಅವರ ತಲೆಯಲ್ಲೇ ಇತ್ತು ಎನ್ನುತ್ತದೆ ಒಂದು. 140 ವರ್ಷದಿಂದ ಮುಗಿಯದ ಚರ್ಚನ್ನು ಈಗ 3ಡಿ ಪ್ರಿಂಟರ್ ಕಟ್ಟಿ ಮುಗಿಸುತ್ತಿದೆ ಎನ್ನುತ್ತದೆ ಇನ್ನೊಂದು. ಗೋಡೆಯ ಮೇಲೆ ಅವರು ಕೆತ್ತಿಟ್ಟ ರಹಸ್ಯ ಸಂಖ್ಯೆಗಳ ಚೌಕ ಇದೆ ಎನ್ನುತ್ತದೆ ಮತ್ತೊಂದು.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಮೊದಲನೆಯದು ಸುಳ್ಳು. ಎರಡನೆಯದರಲ್ಲಿ ಸ್ವಲ್ಪ ನಿಜ ಇದೆ, ಆದರೆ ಹೇಳಿರುವ ರೀತಿ ತಪ್ಪು. ಮೂರನೆಯದು ಬೇರೆಯವರ ಕೆಲಸ. ಆದರೆ ಈ ಮೂರಕ್ಕಿಂತ ಸ್ವಾರಸ್ಯವಾದ ಸಂಗತಿ ಆ ವ್ಯಕ್ತಿಯ ಬದುಕಿನಲ್ಲೇ ಇದೆ. ಮನೆಯಲ್ಲಿ, ಕಾಲೇಜಿನ ಲ್ಯಾಬಿನಲ್ಲಿ 3ಡಿ ಪ್ರಿಂಟರ್ ಇಟ್ಟುಕೊಂಡವರಿಗೆ ಅದು ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಚರ್ಚಿನ ಹೆಸರು ಸಗ್ರಾಡಾ ಫಮಿಲಿಯಾ. ಇರುವುದು ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ. ರೂಪಿಸಿದವರು ಆಂಟನಿ ಗೌಡಿ. (ಹೆಸರು ಕೇಳಿ ನಮ್ಮ ಕಡೆಯವರಾ ಅಂದುಕೊಳ್ಳಬೇಡಿ, ಗೌಡರಿಗೂ ಇವರಿಗೂ ಸಂಬಂಧವಿಲ್ಲ.)

ಹಂಡೆ ಬಡಿಯುವವರ ಮಗ

ಗೌಡಿ ಹುಟ್ಟಿದ್ದು 1852ರ ಜೂನ್ 25ರಂದು, ಕೆಟಲೋನಿಯಾ ಪ್ರಾಂತ್ಯದ ರೆಯುಸ್ ಊರಿನ ಕಡೆ. ತಂದೆ ತಾಮ್ರದ ಕೆಲಸದವರು. ಚಪ್ಪಟೆ ತಗಡನ್ನು ಬಡಿದು ಬಡಿದು ದೊಡ್ಡ ಹಂಡೆ, ಕೊಳವೆ, ಪಾತ್ರೆಗಳನ್ನು ಮಾಡುತ್ತಿದ್ದರು. ಹುಡುಗನಿಗೆ ಚಿಕ್ಕಂದಿನಿಂದಲೇ ಕೀಲುನೋವು. ಎಲ್ಲರ ಜೊತೆ ಓಡಾಡಿ ಆಡಲು ಆಗುತ್ತಿರಲಿಲ್ಲ. ತಂದೆಯ ಕೆಲಸವನ್ನು ನೋಡುತ್ತಾ ಕೂರುತ್ತಿದ್ದ. ಚಪ್ಪಟೆಯಾದ ಒಂದು ವಸ್ತು ಕಣ್ಣೆದುರೇ ಉಬ್ಬಿ, ಬಾಗಿ, ಹೊಟ್ಟೆ ಪಡೆಯುವುದನ್ನು ನೋಡಿದ್ದರಿಂದಲೇ ತಮಗೆ ಆಕಾರಗಳ ಅಂದಾಜು ಬಂತು ಎಂದು ಮುಂದೆ ಗೌಡಿ ನಂಬಿದ್ದರು. ಕಾಗದದ ಮೇಲಿನ ಗೆರೆಗಿಂತ ಕೈಗೆ ಸಿಗುವ ಆಕಾರದ ಮೇಲೆ ಅವರಿಗೆ ಹೆಚ್ಚು ನಂಬಿಕೆ.

1878ರಲ್ಲಿ ಬಾರ್ಸಿಲೋನಾದಲ್ಲಿ ವಾಸ್ತುಶಿಲ್ಪದ ಪದವಿ ಮುಗಿಸಿದರು. 1882ರಲ್ಲಿ ಸಗ್ರಾಡಾ ಫಮಿಲಿಯಾ ಕೆಲಸ ಶುರುವಾದಾಗ ಅದರ ವಾಸ್ತುಶಿಲ್ಪಿ ಬೇರೆಯವರು, ಫ್ರಾನ್ಸಿಸ್ಕೊ ಡಿ ಪೌಲಾ ಡೆಲ್ ವಿಲ್ಲಾರ್. ಅವರು ಕೆಲಸ ಬಿಟ್ಟ ಮೇಲೆ 1883ರಲ್ಲಿ ಅದು 31 ವರ್ಷದ ಗೌಡಿ ಕೈಗೆ ಬಂತು. ಸಾಯುವವರೆಗೆ, ಅಂದರೆ 43 ವರ್ಷ, ಅವರು ಅದನ್ನು ಬಿಡಲಿಲ್ಲ.

ತಲೆಕೆಳಗಾಗಿ ನೇತಾಡಿದ ಚರ್ಚು

ಬಾಗಿಲಿಗೆ ಹೂವಿನ ಸರವನ್ನು ಸ್ವಲ್ಪ ಸಡಿಲವಾಗಿ ಕಟ್ಟಿ ನೋಡಿ. ಅದು ತಾನಾಗಿ ಒಂದು ಬಾಗು ಪಡೆಯುತ್ತದೆ. ಸರಕ್ಕೆ ಬಿಗಿತ ಇಲ್ಲದ ಕಾರಣ ಅದು ಎಳೆತವನ್ನು ಮಾತ್ರ ತಡೆಯಬಲ್ಲದು. ಹಾಗಾಗಿ ತನ್ನ ತೂಕ ಪೂರ್ತಿ ಎಳೆತವಾಗಿ ಹಂಚಿಹೋಗುವ ಆಕಾರಕ್ಕೇ ಬಂದು ನಿಲ್ಲುತ್ತದೆ. ಈಗ ಆ ಬಾಗನ್ನು ಹಾಗೇ ತಲೆಕೆಳಗು ಮಾಡಿ ಕಲ್ಲಿನಲ್ಲಿ ಕಟ್ಟಿದರೆ? ಎಳೆತ ಇದ್ದಲ್ಲೆಲ್ಲ ಒತ್ತಡ ಬರುತ್ತದೆ. ಕಲ್ಲು, ಇಟ್ಟಿಗೆಗೆ ಬೇಕಾದ್ದು ಅದೇ. ಒತ್ತಿದರೆ ತಡೆಯುತ್ತವೆ, ಎಳೆದರೆ ಬಿರಿಯುತ್ತವೆ. ಇದನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1675ರಲ್ಲೇ ಕಂಡುಕೊಂಡಿದ್ದರು. ಗೌಡಿ ಅದನ್ನು ಒಂದು ಕಮಾನಿಗಲ್ಲ, ಇಡೀ ಕಟ್ಟಡಕ್ಕೆ ಹಚ್ಚಿದರು.

ಬಾರ್ಸಿಲೋನಾದ ಹೊರಗೆ ಉದ್ಯಮಿ ಎವುಸೆಬಿ ಗುಯೆಲ್ ಅವರ ಬಟ್ಟೆ ಗಿರಣಿಯ ಕಾಲೊನಿ ಇತ್ತು. ಅಲ್ಲಿಗೆ ಒಂದು ಚರ್ಚು ಬೇಕೆಂದು 1898ರಲ್ಲಿ ಗೌಡಿಗೆ ಕೆಲಸ ಬಂತು. ಅವರು ಒಂದು ಶೆಡ್ಡಿನ ಮಾಡಿನಿಂದ ದಾರಗಳನ್ನು ಇಳಿಬಿಟ್ಟರು. ನಿಜದ ಕಟ್ಟಡದ ಹತ್ತನೇ ಒಂದು ಅಳತೆ. ಪ್ರತಿ ದಾರ ಒಂದು ಕಮಾನು ಅಥವಾ ಕಂಬ. ದಾರಗಳಿಗೆ ಸೀಸದ ಸಣ್ಣ ಗುಂಡು ತುಂಬಿದ ಚೀಲಗಳು. ಮಾದರಿಯಲ್ಲಿ 1 ಗ್ರಾಂ ಎಂದರೆ ಕಟ್ಟಡದಲ್ಲಿ 10 ಕಿಲೊ. ಒಂದು ಚೀಲದ ತೂಕ ಬದಲಾಯಿಸಿದರೆ ಅಕ್ಕಪಕ್ಕದ ದಾರಗಳೆಲ್ಲ ಸರಿದು ಹೊಸ ಸಮತೋಲಕ್ಕೆ ಬರುತ್ತಿದ್ದವು. ಕಾಗದದ ಮೇಲೆ ಎಷ್ಟೋ ದಿನ ಹಿಡಿಯುವ ಲೆಕ್ಕವನ್ನು ಗುರುತ್ವಾಕರ್ಷಣೆಯೇ ಮಾಡಿಕೊಡುತ್ತಿತ್ತು. ಆಮೇಲೆ ಅದರ ಫೋಟೊ ತೆಗೆದು, ತಲೆಕೆಳಗು ಹಿಡಿದು, ಅದರ ಮೇಲೇ ಬಣ್ಣದಲ್ಲಿ ಗೋಡೆ, ಕಿಟಕಿಗಳನ್ನು ಬರೆಯುತ್ತಿದ್ದರು.

ಇವತ್ತು ಎಂಜಿನಿಯರ್‌ಗಳು ರ್‍ಯಾಪಿಡ್ ಪ್ರೊಟೊಟೈಪಿಂಗ್ ಎನ್ನುವುದರ ತಿರುಳು ಇದೇ. ದುಬಾರಿ ವಸ್ತುವಿನಲ್ಲಿ ಮಾಡುವ ಮೊದಲು ಅಗ್ಗದ ವಸ್ತುವಿನಲ್ಲಿ ಮಾಡಿ ನೋಡುವುದು. ದಾರದಲ್ಲಿ ತಪ್ಪಾದರೆ ಗಂಟು ಬಿಚ್ಚಿ ಮತ್ತೆ ಕಟ್ಟಬಹುದು. ಕಲ್ಲಿನಲ್ಲಿ ತಪ್ಪಾದರೆ ಜನ ಸಾಯಬಹುದು. ರ್‍ಯಾಪಿಡ್ ಎಂಬ ಮಾತು ಮಾತ್ರ ಗೌಡಿಗೆ ಒಪ್ಪುವುದಿಲ್ಲ. ಆ ದಾರದ ಮಾದರಿಗೆ ಹಿಡಿದದ್ದು ಸುಮಾರು ಹತ್ತು ವರ್ಷ! 1908ರಲ್ಲಿ ಕಟ್ಟಡ ಶುರುವಾಗಿ 1914ಕ್ಕೆ ನಿಂತೇ ಹೋಯಿತು. ಮುಗಿದದ್ದು ಕೆಳಗಿನ ನೆಲಮನೆ ಮಾತ್ರ. ಅದು ಇವತ್ತಿಗೂ ಗಟ್ಟಿಯಾಗಿ ನಿಂತಿದೆ.

ಆಕಾರವನ್ನು ನೇರವಾಗಿ ಜೀವಂತ ವಸ್ತುವಿನಿಂದಲೇ ಎತ್ತಿಕೊಳ್ಳುವ ಹುಚ್ಚೂ ಅವರಿಗಿತ್ತು. ಸಗ್ರಾಡಾ ಫಮಿಲಿಯಾದ ಪೂರ್ವದ ಮುಖದಲ್ಲಿ ಯೇಸುವಿನ ಜನನದ ದೃಶ್ಯಗಳಿವೆ. ಅದಕ್ಕೆ ಬೇಕಾದ ಮನುಷ್ಯರು, ಕೋಳಿಗಳು, ಒಂದು ಕತ್ತೆ, ಎಲ್ಲದರ ಮೇಲೂ ಪ್ಲಾಸ್ಟರ್ ಹಚ್ಚಿ ಅಚ್ಚು ತೆಗೆದರು. ಕೋಳಿಗಳು ಅಲುಗಾಡದಂತೆ ಕ್ಲೋರೋಫಾರಂ ಕೊಟ್ಟಿದ್ದರಂತೆ. ಕತ್ತೆಯನ್ನು ಪಟ್ಟಿ ಕಟ್ಟಿ ಮೇಲೆತ್ತಿದ್ದರಂತೆ. ಇವತ್ತು ಮೊಬೈಲಿನಲ್ಲೇ 3ಡಿ ಸ್ಕ್ಯಾನ್ ಮಾಡುವವರು ಕತ್ತೆಗೆ ಇಷ್ಟು ಕಷ್ಟ ಕೊಡಬೇಕಿಲ್ಲ.

ಕಡ್ಡಿ ಕಟ್ಟನ್ನು ತಿರುಚಿದರೆ

ಈಗ ನಮ್ಮ ಕಥೆಯ ಮುಖ್ಯ ಭಾಗ.

1906ರಿಂದ 1912ರವರೆಗೆ ಗೌಡಿ ಬಾರ್ಸಿಲೋನಾದಲ್ಲಿ ಕಾಸಾ ಮಿಲಾ ಎಂಬ ಮನೆ ಕಟ್ಟಿದರು. ಅಲೆ ಎದ್ದಂಥ ಕಲ್ಲಿನ ಮುಖ. ಯಾವ ಬಾಗಿಗೂ ಒಂದು ಸೂತ್ರ ಇಲ್ಲ. ಪ್ಲಾಸ್ಟರ್ ಮಾದರಿ ನೋಡಿಕೊಂಡು, ಜಾಗದಲ್ಲೇ ನಿಂತು, ಇಲ್ಲಿ ಸ್ವಲ್ಪ ತೆಗೀರಿ, ಅಲ್ಲಿ ಬಿಡಿ ಎಂದು ಹೇಳಿಸಿಕೊಂಡು ಕಲ್ಲುಕುಟಿಗರು ಕೆತ್ತಬೇಕಾಗಿತ್ತು. ಗೌಡಿ ಇದ್ದರೆ ಕೆಲಸ ನಡೆಯುತ್ತದೆ. ಇಲ್ಲದಿದ್ದರೆ?

ಸಗ್ರಾಡಾ ಫಮಿಲಿಯಾ ತಮ್ಮ ಜೀವಮಾನದಲ್ಲಿ ಮುಗಿಯುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹತ್ತಿರದವರು ಒಬ್ಬೊಬ್ಬರಾಗಿ ಹೋದರು. 1906ರಲ್ಲಿ ತಂದೆ, 1912ರಲ್ಲಿ ಜೊತೆಗಿದ್ದ ಸೋದರಿಯ ಮಗಳು, 1914ರಲ್ಲಿ ಆಪ್ತ ಸಹಾಯಕ ಬೆರೆಂಗೇರ್, 1918ರಲ್ಲಿ ಗುಯೆಲ್. ಗೌಡಿ ಮದುವೆಯಾಗಿರಲಿಲ್ಲ. 1914ರ ಹೊತ್ತಿಗೆ ಬೇರೆಲ್ಲ ಕೆಲಸ ಬಿಟ್ಟು ಚರ್ಚಿನ ಕೆಲಸದಲ್ಲೇ ತೊಡಗಿದರು. ಕೊನೆಯ 12 ವರ್ಷ ಅವರು ಕಟ್ಟಿದ್ದಕ್ಕಿಂತ ಹೆಚ್ಚಾಗಿ, ಮುಂದಿನವರು ಕಟ್ಟಲು ಬೇಕಾದ ಪ್ಲಾಸ್ಟರ್ ಮಾದರಿಗಳನ್ನು ಮಾಡಿದರು. ಹತ್ತನೇ ಒಂದು, ಇಪ್ಪತ್ತೈದನೇ ಒಂದು ಅಳತೆಯವು.

ಈ ಮಾದರಿಗಳಲ್ಲಿ ಅವರು ಮನಸ್ಸಿಗೆ ಬಂದ ಬಾಗುಗಳನ್ನು ಬಿಟ್ಟುಬಿಟ್ಟರು. ಬದಲಿಗೆ ನೇರ ಗೆರೆಯೊಂದು ಚಲಿಸಿದಾಗ ಹುಟ್ಟುವ ಬಾಗಿದ ಮೇಲ್ಮೈಗಳನ್ನು ಮಾತ್ರ ಆರಿಸಿಕೊಂಡರು. ನೇರ ಗೆರೆಯಿಂದ ಬಾಗು ಹೇಗೆ? ಪೊರಕೆಯಿಂದ ಹತ್ತಿಪ್ಪತ್ತು ಕಡ್ಡಿ ತೆಗೆದು, ಕೊಳವೆಯಂತೆ ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ತುದಿಗಳನ್ನು ಎದುರುಬದುರಾಗಿ ತಿರುಚಿ. ಪ್ರತಿ ಕಡ್ಡಿ ನೇರವಾಗಿಯೇ ಇರುತ್ತದೆ, ಆದರೆ ನಡುವೆ ಸೊಂಟ ಸಣ್ಣಗಾಗಿ ಡಮರುವಿನಂಥ ಆಕಾರ ಬರುತ್ತದೆ. ಇದಕ್ಕೆ ಹೈಪರ್‌ಬೊಲಾಯ್ಡ್ ಎಂದು ಹೆಸರು. ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳ ಪಕ್ಕದಲ್ಲಿ ನಿಂತಿರುವ ದೊಡ್ಡ ತಂಪುಗೋಪುರಗಳ ಆಕಾರವೂ ಇದೇ.

ಇದರಿಂದ ಎರಡು ಲಾಭ. ಒಂದು, ಗಾರೆಯವನಿಗೆ ಸುಲಭ. ಎರಡು ಅಂಚುಗಳನ್ನು ಸರಿಯಾಗಿ ನಿಲ್ಲಿಸಿಕೊಟ್ಟರೆ ಸಾಕು, ಅವುಗಳ ಮೇಲೆ ನೇರ ಪಟ್ಟಿ ಎಳೆಯುತ್ತಾ ಹೋದರೆ ಬಾಗಿದ ಮೇಲ್ಮೈ ತಾನಾಗಿ ಸಿಗುತ್ತದೆ. ಕೈಚಳಕದ ಮಹಾ ಶಿಲ್ಪಿ ಬೇಕಿಲ್ಲ. ಎರಡನೆಯದು ಇನ್ನೂ ದೊಡ್ಡದು. ಇಡೀ ಆಕಾರವನ್ನು ಒಂಬತ್ತು ಸಂಖ್ಯೆಗಳಲ್ಲಿ ಹೇಳಿ ಮುಗಿಸಬಹುದು. ಅದರ ಕೇಂದ್ರ ಎಲ್ಲಿದೆ ಎನ್ನಲು ಮೂರು, ಯಾವ ಕಡೆ ಎಷ್ಟು ವಾಲಿದೆ ಎನ್ನಲು ಮೂರು, ದಪ್ಪ ತೆಳುವು ಹೇಳಲು ಮೂರು.

3ಡಿ ಪ್ರಿಂಟ್ ಮಾಡುವವರಿಗೆ ಈ ವ್ಯತ್ಯಾಸ ತಕ್ಷಣ ಅರ್ಥವಾದೀತು. ಪ್ರಿಂಟರಿಗೆ ಕಳಿಸುವ ಎಸ್‌ಟಿಎಲ್ ಫೈಲಿನಲ್ಲಿ ಇರುವುದು ಬರೀ ತ್ರಿಕೋನಗಳು, ಆಕಾರದ ಹೊರಗಿನ ಸಿಪ್ಪೆ. ರಂಧ್ರದ ವ್ಯಾಸ 5 ಮಿಲಿಮೀಟರ್ ಇದ್ದದ್ದನ್ನು 6 ಮಾಡಬೇಕೆಂದರೆ ಅದರಲ್ಲಿ ಒದ್ದಾಡಬೇಕು. ಅಳತೆ, ನಿಯಮಗಳ ಸಮೇತ ಇರುವ ಮೂಲ ಫೈಲು ಇದ್ದರೆ ಒಂದು ಸಂಖ್ಯೆ ಬದಲಾಯಿಸಿದರೆ ಆಯಿತು. ಕಾಸಾ ಮಿಲಾ ಒಂದು ಎಸ್‌ಟಿಎಲ್ ಫೈಲಿನ ಹಾಗೆ. ಸಗ್ರಾಡಾ ಫಮಿಲಿಯಾದ ಮಾದರಿಗಳು ಮೂಲ ಫೈಲಿನ ಹಾಗೆ. ಯಾವುದು ಹೆಚ್ಚು ಚೆಂದ ಎಂದು ಕೇಳಿದರೆ ನಮಗೆ ಕಾಸಾ ಮಿಲಾನೇ ಇಷ್ಟ. ಆದರೆ ಇನ್ನೊಬ್ಬರ ಕೈಗೆ ದಾಟಿಸಬಹುದಾದದ್ದು ಎರಡನೆಯದು ಮಾತ್ರ.

ಇನ್ನೊಂದು ಹೋಲಿಕೆಯನ್ನೂ ಹೇಳಬೇಕು. ಯುರೋಪಿನ ಹಳೆಯ ಗೋಥಿಕ್ ಚರ್ಚುಗಳ ಎತ್ತರದ ಛಾವಣಿ ಗೋಡೆಗಳನ್ನು ಹೊರಗೆ ತಳ್ಳುತ್ತದೆ. ಹಾಗಾಗಿ ಹೊರಗಡೆಯಿಂದ ಕಲ್ಲಿನ ಆಸರೆಗಳನ್ನು ಕೊಟ್ಟಿರುತ್ತಾರೆ. ಗೌಡಿ ಕಣ್ಣಿಗೆ ಅವು ಊರುಗೋಲುಗಳು. ಭಾರ ಇಳಿಯುವ ದಿಕ್ಕಿಗೇ ಕಂಬವನ್ನು ವಾಲಿಸಿ, ಮರದ ಕೊಂಬೆಗಳಂತೆ ಕವಲೊಡೆಸಿದರೆ ಊರುಗೋಲು ಏಕೆ ಎಂಬುದು ಅವರ ಯೋಚನೆ. ಪ್ಲಾಸ್ಟಿಕ್ ಎಳೆ ಕರಗಿಸಿ ಪದರದ ಮೇಲೆ ಪದರ ಹಾಕುವ ಪ್ರಿಂಟರುಗಳಲ್ಲೂ ಇದೇ ತಲೆನೋವು. ಲಂಬದಿಂದ ಸುಮಾರು 45 ಡಿಗ್ರಿಗಿಂತ ಹೆಚ್ಚು ಹೊರಚಾಚಿದ ಭಾಗ ಗಾಳಿಯಲ್ಲಿ ಜೋತುಬೀಳುತ್ತದೆ, ಅದಕ್ಕೆ ಸಪೋರ್ಟ್ ಹಾಕಬೇಕು, ಆಮೇಲೆ ಕಿತ್ತು ಉಜ್ಜಬೇಕು. ಪಳಗಿದವರು ಆಕಾರವನ್ನೇ ಸ್ವಲ್ಪ ಓರೆ ಮಾಡಿ, ವಸ್ತುವನ್ನು ಬೇರೆ ಮಗ್ಗುಲಲ್ಲಿ ಮಲಗಿಸಿ ಸಪೋರ್ಟ್ ಇಲ್ಲದೆ ಮುಗಿಸುತ್ತಾರೆ. ಎರಡೂ ಪೂರ್ತಿ ಒಂದೇ ಅಲ್ಲ. ಪ್ರಿಂಟಿನ ಸಪೋರ್ಟ್ ತಾತ್ಕಾಲಿಕ, ಚರ್ಚಿನ ಆಸರೆ ಶಾಶ್ವತ. ಆದರೆ ಆಕಾರ ಬರೆಯುವಾಗಲೇ ಅದು ಹೇಗೆ ತಯಾರಾಗುತ್ತದೆ ಎಂದು ಯೋಚಿಸುವ ಅಭ್ಯಾಸ ಒಂದೇ.

ಟ್ರಾಮು, ಆಮೇಲೆ ಬೆಂಕಿ

1925ರ ನವೆಂಬರ್ 30ರಂದು ಮೊದಲ ಗಂಟೆಗೋಪುರ ಮುಗಿಯಿತು. ಗೌಡಿ ಪೂರ್ತಿಯಾಗಿ ನೋಡಿದ ಗೋಪುರ ಅದೊಂದೇ. 1926ರ ಜೂನ್ 7ರ ಸಂಜೆ ನಡೆದುಕೊಂಡು ಹೋಗುತ್ತಿದ್ದಾಗ ಟ್ರಾಮ್ ಡಿಕ್ಕಿ ಹೊಡೆಯಿತು. ಹಳೆಯ ಬಟ್ಟೆ, ಜೇಬಿನಲ್ಲಿ ಗುರುತಿನ ಕಾಗದ ಇಲ್ಲ. ಯಾರೋ ಬಡವ ಎಂದುಕೊಂಡರು. ಬಡವರ ಆಸ್ಪತ್ರೆಗೆ ಸೇರಿಸಿದರು. ಗುರುತು ಸಿಕ್ಕಿದ್ದು ಮಾರನೆಯ ದಿನ. ಜೂನ್ 10ರಂದು ತೀರಿಕೊಂಡರು, 73 ವರ್ಷ. ಸಗ್ರಾಡಾ ಫಮಿಲಿಯಾದ ನೆಲಮನೆಯಲ್ಲೇ ಮಣ್ಣು ಮಾಡಿದರು.

ಹತ್ತು ವರ್ಷ ಕಳೆಯಿತು. 1936ರ ಜುಲೈನಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾದಾಗ ಗುಂಪೊಂದು ನುಗ್ಗಿ ಕಾರ್ಯಾಗಾರಕ್ಕೆ ಬೆಂಕಿ ಇಟ್ಟಿತು. ನಕ್ಷೆಗಳು, ಫೋಟೊಗಳು ಸುಟ್ಟುಹೋದವು. ಪ್ಲಾಸ್ಟರ್ ಮಾದರಿಗಳು ನೆಲಕ್ಕೆ ಬಿದ್ದು ಸಾವಿರಾರು ಚೂರುಗಳಾದವು.

ಮೊದಲ ಫಾರ್ವರ್ಡ್ ಸುಳ್ಳು ಎಂದು ಹೇಳಿದ್ದು ಇದಕ್ಕೇ. ಗೌಡಿ ನಕ್ಷೆ ಬರೆಯದವರಲ್ಲ. ನಗರಸಭೆಯ ಅನುಮತಿಗೆ ಕೊಟ್ಟ, ಅವರ ಸಹಿ ಇರುವ ನಕ್ಷೆಗಳು ಬೇರೆ ಕಟ್ಟಡಗಳದ್ದು ಇಂದಿಗೂ ಇವೆ. ಸಗ್ರಾಡಾ ಫಮಿಲಿಯಾದ್ದು ಬಹುಪಾಲು ಬೂದಿಯಾಯಿತು. ಇಲ್ಲದಿರುವುದಕ್ಕೂ ಸುಟ್ಟುಹೋಗಿರುವುದಕ್ಕೂ ವ್ಯತ್ಯಾಸವಿದೆ.

ಯುದ್ಧ ಮುಗಿದ ಮೇಲೆ ಅವರ ಜೊತೆ ಕೆಲಸ ಮಾಡಿದವರು, ಶಿಷ್ಯರು ಚೂರುಗಳನ್ನು ಆರಿಸಿ, ವಿಂಗಡಿಸಿ, ಜೋಡಿಸಲು ಕೂತರು. ಮಡಕೆ ಒಡೆದರೆ ಕಾಣೆಯಾದ ತುಂಡಿನ ಆಕಾರವನ್ನು ಊಹಿಸಬೇಕು. ಇಲ್ಲಿ ಹಾಗಲ್ಲ. ಚೂರು ಹೈಪರ್‌ಬೊಲಾಯ್ಡ್‌ನ ಭಾಗ ಎಂದು ಗೊತ್ತಿದ್ದರೆ, ಅದರ ಮೇಲಿನ ಕೆಲವು ಬಿಂದುಗಳನ್ನು ಅಳೆದು ಆ ಒಂಬತ್ತು ಸಂಖ್ಯೆಗಳನ್ನು ಹುಡುಕಬಹುದು. ಸಂಖ್ಯೆ ಸಿಕ್ಕಿದರೆ ಇಡೀ ಆಕಾರ ಮತ್ತೆ ಸಿಗುತ್ತದೆ, ಕಳೆದುಹೋದ ಭಾಗದ ಸಮೇತ.

ಹೇಳುವುದು ಸುಲಭ. ಒಂದು ಕಿಟಕಿಯ ಸುತ್ತಲೇ ಇಂಥ ಹಲವು ಆಕಾರಗಳು ಒಂದನ್ನೊಂದು ಕತ್ತರಿಸುತ್ತವೆ. ಒಂದರ ಸಂಖ್ಯೆ ಚೂರು ಬದಲಾದರೂ ಪಕ್ಕದವೆಲ್ಲ ಸರಿಯುತ್ತವೆ. 1979ರಲ್ಲಿ ನ್ಯೂಜಿಲೆಂಡಿನ ವಿದ್ಯಾರ್ಥಿ ಮಾರ್ಕ್ ಬರಿ ಈ ಕೆಲಸಕ್ಕೆ ಸೇರಿದಾಗ ಅದು ಕೈಯಲ್ಲಿ ಬರೆದು ನೋಡುವ ಕೆಲಸ. 1990ರ ದಶಕದ ಆರಂಭದಲ್ಲಿ ಅವರು ಕಂಪ್ಯೂಟರಿಗೆ ಬಂದರು. ಆಗಿನ ಕಟ್ಟಡಗಳ ಸಾಫ್ಟ್‌ವೇರ್ ಸಾಲಲಿಲ್ಲ, ವಿಮಾನ ತಯಾರಿಕೆಗೆ ಮಾಡಿದ ಸಾಫ್ಟ್‌ವೇರ್ ಬೇಕಾಯಿತು.

ಹಾಗಾದರೆ ಪ್ರಿಂಟರ್ ಏನು ಮಾಡುತ್ತದೆ?

2001ರಿಂದ ಚರ್ಚಿನ ಮಾದರಿ ಕಾರ್ಯಾಗಾರದಲ್ಲಿ 3ಡಿ ಪ್ರಿಂಟರ್ ಬಳಕೆಯಲ್ಲಿದೆ. ಅಲ್ಲಿರುವುದು ಪುಡಿಯ ಪ್ರಿಂಟರ್. ಪಿಒಪಿಯಂಥ ಪುಡಿಯನ್ನು ತೆಳುವಾಗಿ ಹರಡುತ್ತದೆ, ಬೇಕಾದ ಕಡೆ ಮಾತ್ರ ಅಂಟುದ್ರವ ಸಿಂಪಡಿಸುತ್ತದೆ, ಮೇಲೆ ಮತ್ತೆ ಪುಡಿ. ಒಂದು ಪದರದ ದಪ್ಪ ಸುಮಾರು 0.1 ಮಿಲಿಮೀಟರ್. ಅಂಟದ ಪುಡಿ ಸುತ್ತಲೂ ಹಾಗೇ ಇದ್ದು ವಸ್ತುವನ್ನು ಹಿಡಿದುಕೊಂಡಿರುತ್ತದೆ. ಹಾಗಾಗಿ ಎಷ್ಟೇ ಹೊರಚಾಚಿದರೂ ಸಪೋರ್ಟ್ ಬೇಕಿಲ್ಲ. ಅದರ ಷರತ್ತುಗಳೇ ಬೇರೆ. ಟೊಳ್ಳು ಭಾಗ ಇದ್ದರೆ ಒಳಗಿನ ಪುಡಿ ಹೊರಬರಲು ತೂತು ಬಿಡಬೇಕು. ಗೋಡೆ ತೀರಾ ತೆಳುವಾದರೆ ಪುಡಿ ಕೊಡವುವಾಗಲೇ ಮುರಿಯುತ್ತದೆ. ಹೊರತೆಗೆದ ಮೇಲೆ ಅಂಟು ಕುಡಿಸಿ ಗಟ್ಟಿ ಮಾಡಬೇಕು.

ಈ ಚರ್ಚಿಗೆ ಪುಡಿಯ ಪ್ರಿಂಟರೇ ಒಗ್ಗಿದ್ದಕ್ಕೆ ಇನ್ನೊಂದು ಕಾರಣ, ಹೊರಬಂದ ವಸ್ತುವನ್ನು ಪ್ಲಾಸ್ಟರಿನಂತೆಯೇ ಉಜ್ಜಬಹುದು, ಕೆರೆಯಬಹುದು, ಕೈಯಲ್ಲಿ ಮಾಡಿದ ಮಾದರಿಗೆ ಅಂಟಿಸಬಹುದು. ವಾರಗಟ್ಟಲೆ ಹಿಡಿಯುವ ಮಾದರಿ ಬೇಗ ಕೈಗೆ ಬರುತ್ತದೆ. ವಾಸ್ತುಶಿಲ್ಪಿಗಳು ಅದನ್ನು ತಿರುಗಿಸಿ, ಬೆಳಕಿಗೆ ಹಿಡಿದು ನೋಡಿ, ಸರಿಯಿಲ್ಲ ಎಂದರೆ ಸಂಖ್ಯೆ ಬದಲಾಯಿಸಿ ಮತ್ತೊಂದನ್ನು ಪ್ರಿಂಟ್ ಮಾಡಿಸುತ್ತಾರೆ.

ಆದರೆ ಗೋಪುರಗಳು ಪ್ರಿಂಟ್ ಆದವಲ್ಲ. ಕಲ್ಲನ್ನು ಕಂಪ್ಯೂಟರ್ ನಡೆಸುವ ಯಂತ್ರಗಳು ಕತ್ತರಿಸುತ್ತವೆ, ಕೈಯಿಂದಲೂ ಕೆತ್ತುತ್ತಾರೆ. ಅಂದರೆ ಪುಡಿ ಸೇರಿಸುತ್ತಾ ಹೋಗುವ ವಿಧಾನಕ್ಕೆ ಪೂರಾ ಉಲ್ಟಾ. ದೊಡ್ಡ ಗೋಪುರಗಳಿಗೆ ಒಳಗೆ ಉಕ್ಕಿನ ಸರಳು ಬಿಗಿದ ಕಲ್ಲಿನ ಹಲಗೆಗಳನ್ನು ಬೇರೆ ಕಡೆ ತಯಾರಿಸಿ, ತಂದು ಕ್ರೇನಿನಲ್ಲಿ ಮೇಲಕ್ಕೆತ್ತಿ ಕೂರಿಸಿದ್ದಾರೆ. ಫಾರ್ವರ್ಡ್ ಬಂದರೆ ಇಷ್ಟು ಉತ್ತರ ಕೊಡಿ: ಪ್ರಿಂಟರ್ ಮಾದರಿ ಮಾಡುತ್ತದೆ, ಚರ್ಚು ಕಟ್ಟುವುದಿಲ್ಲ.

ಸಂಖ್ಯೆಗಳ ಚೌಕದ ವಿಷಯ. ಯಾವ ಸಾಲು ಕೂಡಿದರೂ 33 ಬರುವ ಆ ಚೌಕ ಪಶ್ಚಿಮದ ಮುಖದಲ್ಲಿದೆ, ನಿಜ. ಮಾಡಿದವರು ಶಿಲ್ಪಿ ಜೋಸೆಪ್ ಮಾರಿಯಾ ಸುಬಿರಾಕ್ಸ್. ಅವರು ಅಲ್ಲಿ ಕೆಲಸ ಶುರು ಮಾಡಿದ್ದು 1987ರಲ್ಲಿ, ಗೌಡಿ ತೀರಿಕೊಂಡು 61 ವರ್ಷದ ಮೇಲೆ. ಅದರಲ್ಲಿ 10 ಮತ್ತು 14 ಎರಡೆರಡು ಸಲ ಬರುತ್ತವೆ, 12 ಮತ್ತು 16 ಇಲ್ಲವೇ ಇಲ್ಲ. ಗಣಿತದವರು ಇದನ್ನು ಪಕ್ಕಾ ಮಾಯಾಚೌಕ ಎನ್ನುವುದಿಲ್ಲ.

ಇಷ್ಟಕ್ಕೂ ಈಗ ಏಳುತ್ತಿರುವುದು ಗೌಡಿಯದೇ ಕಟ್ಟಡವೇ? ಈ ಪ್ರಶ್ನೆ ಹಳೆಯದು. 1965ರಲ್ಲೇ ಹಲವು ಕಲಾವಿದರು, ವಾಸ್ತುಶಿಲ್ಪಿಗಳು ಕೆಲಸ ನಿಲ್ಲಿಸಿ ಎಂದು ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದಿದ್ದರು. ನಮ್ಮ ಚಂಡೀಗಢವನ್ನು ರೂಪಿಸಿದ ಲ ಕಾರ್ಬೂಸಿಯೆ ಕೂಡ ಅದಕ್ಕೆ ಸಹಿ ಹಾಕಿದ್ದರು. ಒಳಗಿನ ಕಂಬಗಳು, ಛಾವಣಿ, ಕಿಟಕಿಗಳ ಬಗ್ಗೆ ನಮಗೆ ಹೆಚ್ಚು ಅನುಮಾನವಿಲ್ಲ. ಅವುಗಳಿಗೆ ಗೌಡಿ ವಿವರವಾದ ಮಾದರಿ, ಸೂತ್ರ ಬಿಟ್ಟುಹೋಗಿದ್ದರು. 2010ರ ನವೆಂಬರ್ 7ರಂದು ಪೋಪ್ ಹದಿನಾರನೇ ಬೆನೆಡಿಕ್ಟ್ ಚರ್ಚನ್ನು ಪೂಜೆಗೆ ಅರ್ಪಿಸಿದಾಗ ಜನ ನೋಡಿದ್ದು ಆ ಕಂಬಗಳ ಕಾಡನ್ನು. 2025ರ ಅಕ್ಟೋಬರ್ 30ರಂದು ನಡುವಿನ ಗೋಪುರ 162.91 ಮೀಟರ್ ಮುಟ್ಟಿ, ಜರ್ಮನಿಯ ಉಲ್ಮ್ ಚರ್ಚನ್ನು ಹಿಂದಿಕ್ಕಿ ಜಗತ್ತಿನ ಅತಿ ಎತ್ತರದ ಚರ್ಚಾಯಿತು. ಯೋಜನೆಯ ಪ್ರಕಾರ ಪೂರ್ತಿ ಎತ್ತರ 172.5 ಮೀಟರ್. ಮನುಷ್ಯ ಕಟ್ಟಿದ್ದು ದೇವರು ಮಾಡಿದ್ದಕ್ಕಿಂತ ಎತ್ತರ ಇರಬಾರದೆಂದು ಊರಿನ ಮೋಂಜುಯಿಕ್ ಗುಡ್ಡಕ್ಕಿಂತ ಸ್ವಲ್ಪ ಕಡಿಮೆಯೇ ಇಟ್ಟಿದ್ದರು.

ಕಷ್ಟ ಇರುವುದು ದಕ್ಷಿಣದ ಮುಖದಲ್ಲಿ. ಚರ್ಚಿನ ಮುಖ್ಯ ಬಾಗಿಲು ಬರಬೇಕಾದ್ದು ಅಲ್ಲೇ. ಅದಕ್ಕೆ ಗೌಡಿ ಮಾಡಿದ್ದ ಮಾದರಿಯೂ 1936ರಲ್ಲಿ ಒಡೆಯಿತು, ಉಳಿದ ಚೂರು ಕಡಿಮೆ. ಅಲ್ಲಿಗೆ ಬೀದಿಯ ಮೇಲಿನಿಂದ ಹಾಯ್ದು ಇಳಿಯುವ ದೊಡ್ಡ ಮೆಟ್ಟಿಲು ಬೇಕು, ಅದು ಗೌಡಿಯ ಇಚ್ಛೆ ಎನ್ನುತ್ತಾರೆ ಕಟ್ಟುವವರು. ಎದುರಿನ ಬೀದಿಯಲ್ಲಿ ಈಗ ವಸತಿ ಕಟ್ಟಡಗಳಿವೆ, ಒಳಗೆ ಜನ ಸಂಸಾರ ಮಾಡಿಕೊಂಡಿದ್ದಾರೆ. ಮೆಟ್ಟಿಲು ಬಂದರೆ ಅವುಗಳಲ್ಲಿ ಕೆಲವನ್ನು ಕೆಡವಬೇಕು. ಆ ಮೆಟ್ಟಿಲು ನಿಜಕ್ಕೂ ಗೌಡಿಯದೇ ಎಂದು ಅಲ್ಲಿನ ನಿವಾಸಿಗಳು ಒಪ್ಪುತ್ತಿಲ್ಲ. ವರ್ಷಗಳಿಂದ ಸಂಘ ಕಟ್ಟಿಕೊಂಡು ಹೋರಾಡುತ್ತಿದ್ದಾರೆ.